ಅರವತ್ತನೇ ನಂಬರಿನ ಜರಡಿ

ಫೆಬ್ರವರಿ 4

ಅಕ್ಕ,

ಅಮ್ಮನನ್ನು ನಿನ್ನೆ ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹತ್ತಿಸಿದೆವು. ಮುಂದೆ ನಾನು, ಹಿಂದೆ ಕಾರ್ಖಾನೆಯ ಇಬ್ಬರು ಗೆಳೆಯರು. ಲಕ್ವ ಹೊಡೆದ ಬಲಗೈ ಬಲಗಾಲು ಏಳುತ್ತಿಲ್ಲ, ಮಾತು ಹೊರಡುತ್ತಿಲ್ಲ. ಆದರೆ ಕಣ್ಣು ಅದೇ ಕಣ್ಣು. ಬಾಗಿಲಲ್ಲಿ ನನ್ನ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದನ್ನು ಕಂಡು ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿದಳು. ಜೋಡಿಸಿಟ್ಟ ಮೇಲೇ ಒಳಗೆ ಒಯ್ಯಲು ಬಿಟ್ಟಳು.

ಕಷ್ಟ ಇರುವುದು ಗಂಟಲಿನಲ್ಲಿ. ಡಾಕ್ಟರು ಹೇಳಿದ್ದು ಇಷ್ಟು: "ಗಂಟಲು ಒಂದು ಕಡೆ ಮಲಗಿಬಿಟ್ಟಿದೆಯಪ್ಪ. ಏನ್ ಕೊಟ್ರೂ ನುಣ್ಣಗಿರ್ಬೇಕು. ಒಂದು ಅಗುಳೂ ಸಿಗಬಾರ್ದು." ನುಣ್ಣಗೆ ಎಂದರೆ ಎಷ್ಟು ಎಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಚೀಟಿ ಕರೆದರು. ನಮ್ಮಂಥವರಿಗೆ ಈ ವ್ಯವಸ್ಥೆ ಕೊಡುವ ಸಮಯ ನಾಲ್ಕು ನಿಮಿಷ. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ.

ಅಮ್ಮನ ತೂಕ ಈಗ ನಲವತ್ತಾರು ಕೆ.ಜಿ. ಏಪ್ರಿಲ್ ಎರಡಕ್ಕೆ ಮತ್ತೆ ತೋರಿಸಬೇಕು. ಆಗ ನಲವತ್ತೆರಡಕ್ಕಿಂತ ಕೆಳಗಿಳಿದಿದ್ದರೆ ಹೊಟ್ಟೆಗೆ ತೂತು ಮಾಡಿ ಕೊಳವೆ ಹಾಕುತ್ತಾರಂತೆ. ಆಮೇಲೆ ಬಾಯಿಗೆ ಏನೂ ಇಲ್ಲ. ಅದನ್ನು ಕೇಳುತ್ತಲೇ ಅಮ್ಮ ನನ್ನ ತೋಳು ಹಿಡಿದುಕೊಂಡಳು. ಉಗುರಿನ ಗುರುತು ಇನ್ನೂ ಇದೆ. ತಲೆಯನ್ನು ಆ ಕಡೆ ಈ ಕಡೆ ಎಷ್ಟು ಸಲ ಆಡಿಸಿದಳೋ. ಕೊಳವೆ ಹಾಕಲು ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನೀನು ಆಸ್ಪತ್ರೆಯ ಅಡುಗೆಮನೆಯಲ್ಲೇ ಅಡುಗೆ ಮಾಡುವವಳು. ನಿನಗಿಂತ ಬಲ್ಲವರನ್ನು ನಾನು ಎಲ್ಲಿ ಹುಡುಕಲಿ? ಊಟವನ್ನು ಕೈಯಿಂದಲೇ ನುಣ್ಣಗೆ ಮಾಡುವ ಕ್ರಮವನ್ನು ವಿವರವಾಗಿ ಬರೆ. ಕೈಯಿಂದ ಎಂದು ಯಾಕೆ ಹೇಳುತ್ತಿದ್ದೇನೆ ಎಂದರೆ, ಇಲ್ಲಿ ಕರೆಂಟಿಗೆ ಭರವಸೆ ಇಲ್ಲ. ಅಲ್ಲದೆ ಮನುಷ್ಯ ಎಲ್ಲದಕ್ಕೂ ಯಂತ್ರದ ಮೋರೆ ನೋಡಬಾರದು.

ಮುಷ್ಕರ ಆರನೇ ವಾರಕ್ಕೆ ಕಾಲಿಟ್ಟಿದೆ. ನಮ್ಮ ಜರಡಿ ಕಾರ್ಖಾನೆಯಲ್ಲಿ ತಂತಿ ನೇಯುವ ಒಂದು ಮಗ್ಗವೂ ಓಡುತ್ತಿಲ್ಲ. ನಾವು ಬಗ್ಗುವುದಿಲ್ಲ.

ನಿನ್ನ ತಮ್ಮ


ಫೆಬ್ರವರಿ 16

ನನ್ನ ಭಾಷಣಪ್ಪನಿಗೆ,

ನಿನ್ನ ಕಾಗದವನ್ನು ನಿಂತೇ ಓದಿದೆ. ಓದಿ ಮುಗಿಸಿದ ಮೇಲೂ ಕೂರಲು ತೋಚಲಿಲ್ಲ.

ಅಳುತ್ತಾ ಬರೆಯುವುದಿಲ್ಲ, ಹೆದರಬೇಡ. ನೀನು ಕೇಳಿದ್ದು ಕಷ್ಟದ ಕೆಲಸವೇ ಅಲ್ಲ. ತರಕಾರಿಯನ್ನು ಬೆರಳಲ್ಲಿ ಒತ್ತಿದರೆ ಕರಗುವ ಹಾಗೆ ಬೇಯಿಸು. ಸಿಪ್ಪೆ ಮೊದಲೇ ತೆಗೆ. ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಅರೆದು ಜರಡಿಯಲ್ಲಿ ಉಜ್ಜು. ಜರಡಿ ಎಷ್ಟು ಸಣ್ಣಗಿದ್ದರೆ ಅಷ್ಟು ಒಳ್ಳೆಯದು. ನಾಲಿಗೆಗೆ ಏನೂ ತಗಲಬಾರದು. ಇಳಿಯದಿದ್ದರೆ ಬೇಯಿಸಿದ ನೀರನ್ನೇ ಸ್ವಲ್ಪ ಸ್ವಲ್ಪ ಸೇರಿಸು. ಗಂಟಲು ಹೋದವರ ತಟ್ಟೆಗಳು ನಮ್ಮಲ್ಲಿ ಕನ್ನಡಿಯ ಹಾಗೆ ವಾಪಸ್ಸು ಬರುತ್ತವೆ, ಅಷ್ಟು ನುಣ್ಣಗಿರುತ್ತದೆ ಅವರ ಊಟ.

ಜರಡಿ ಎಲ್ಲಿ ಅಂತ ಕೇಳಿದೆಯೋ, ಬಡಿಯುತ್ತೇನೆ! ಅಮ್ಮನ ಮೂವತ್ತೊಂದು ವರ್ಷದ ದುಡಿಮೆಗೆ ಕಾರ್ಖಾನೆಯವರು ಕೊಟ್ಟ ನಾಲ್ಕು ಜರಡಿ ಗೋಡೆಯ ಮೇಲೇ ಇವೆಯಲ್ಲ. ಎಲ್ಲಕ್ಕಿಂತ ಸಣ್ಣ ಕಣ್ಣಿನದು, ಅರವತ್ತನೇ ನಂಬರಿನದನ್ನು ತೆಗೆದುಕೋ. ನಿನ್ನ ಭಾಷಣ ಕೇಳಿ ಕೇಳಿ ಸಾಕಾಗಿ ಅಮ್ಮ ಹೇಳುತ್ತಿದ್ದಳು, ನೆನಪಿದೆಯಾ? "ಇವನ ಬಾಯಿಗೆ ಅರವತ್ತನೇ ನಂಬರು ಕಟ್ಬೇಕು ಕಣೇ. ನಿಜ ಇದ್ದದ್ದು ಮಾತ್ರ ಕೆಳಗಿಳೀಲಿ."

ಮತ್ತೆ ಇದೇನು ಕೈಯಿಂದ, ಕೈಯಿಂದ ಅಂತ? ಕರೆಂಟು ದಿನವಿಡೀ ಹೋಗುತ್ತದೆಯೇ? ನಾನು ಕಳಿಸಿದ ಮಿಕ್ಸಿಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯಾ? ಇದ್ದಾಗ ಅದರಲ್ಲೇ ತಿರುಗಿಸು.

ನನಗೆ ಬರಲು ಆಗುವುದಿಲ್ಲ. ಎರಡು ವರ್ಷದ ಕರಾರು ಮುಗಿಯಲು ಇನ್ನೂ ಏಳು ತಿಂಗಳಿದೆ, ನನ್ನ ಪಾಸ್‌ಪೋರ್ಟು, ಕಾಗದಪತ್ರಗಳೆಲ್ಲ ಇಲ್ಲಿಯ ಆಫೀಸಿನವರ ಡ್ರಾಯರಿನಲ್ಲಿವೆ. ಅಮ್ಮನಿಗೆ ನನ್ನ ಪರವಾಗಿ ಒಂದು ಚಮಚ ಹೆಚ್ಚು ತಿನ್ನಿಸು.

ಅಕ್ಕ


ಫೆಬ್ರವರಿ 27

ಅಕ್ಕ,

ನೀನು ಹೇಳಿದ ಹಾಗೆಯೇ ನಡೆಸಿದ್ದೇನೆ. ಒಂದು ಬಟ್ಟಲಿಗೆ ಎರಡು ಗಂಟೆ ಹಿಡಿಯುತ್ತದೆ.

ಕ್ಯಾರೆಟ್ಟು ಪರವಾಗಿಲ್ಲ. ಕುಂಬಳಕಾಯಿ ನಮ್ಮ ಪಕ್ಷದ್ದು, ತಾನಾಗಿಯೇ ಇಳಿದುಬಿಡುತ್ತದೆ. ಬಟಾಣಿ ಮಾತ್ರ ಪಕ್ಕಾ ಮಾಲೀಕರ ಕಡೆಯದು. ಎಷ್ಟು ಉಜ್ಜಿದರೂ ಸಿಪ್ಪೆಯನ್ನು ಬಿಟ್ಟುಕೊಡುವುದಿಲ್ಲ. ಅನ್ನ ಅಂಟಾಗಿ ತಂತಿಗಳ ಸಂದಿಯಲ್ಲಿ ಕೂತುಬಿಡುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಹಿಂಬದಿಯಿಂದ ಕೆರೆಯಬೇಕು. ಆಲೂಗಡ್ಡೆಯೂ ಹಾಗೆಯೇ. ಮೊದಲು ಕುಟ್ಟಾಣಿಯಲ್ಲಿ ಕುಟ್ಟಿ, ನೀರು ಬೆರೆಸಿ, ಆಮೇಲೆ ಜರಡಿಗೆ ಹಾಕುತ್ತೇನೆ. ಕೊನೆಗೆ ಬಟ್ಟಲಿಗೆ ಬೀಳುವುದು ಎಷ್ಟು ನಯವಾಗಿರುತ್ತದೆ ಎಂದರೆ ಬಟ್ಟಲು ಓರೆ ಮಾಡಿದರೆ ಹಾಲಿನ ಹಾಗೆ ಓಡುತ್ತದೆ. ಒಂದು ಅಗುಳು ಕೂಡ ಇಲ್ಲ. ಕುಡಿದಾದ ಮೇಲೆ ಅಮ್ಮ ಸ್ವಲ್ಪ ಕೆಮ್ಮುತ್ತಾಳೆ. ಅಭ್ಯಾಸವಾದರೆ ಸರಿಹೋಗುತ್ತದೆ.

ಜರಡಿಯಲ್ಲಿ ಉಳಿದದ್ದನ್ನು ನಾನು ತಿನ್ನುತ್ತೇನೆ. ಇದರಲ್ಲಿ ನನಗೆ ಒಂದು ತತ್ತ್ವವೂ ಕಾಣುತ್ತದೆ. ಈವರೆಗೆ ಈ ಮನೆಯಲ್ಲಿ ಒಳ್ಳೆಯದನ್ನೆಲ್ಲ ನಮಗೆ ಬಡಿಸಿ ಅಡಿ ಹಿಡಿದದ್ದನ್ನು ಕೆರೆದು ತಿಂದವಳು ಅಮ್ಮ. ಈಗ ಸಾರವೆಲ್ಲ ಅವಳಿಗೆ, ಚರಟ ನನಗೆ. ಅನ್ನವನ್ನು ಎಸೆಯುವುದು ಅದನ್ನು ಬೆಳೆದವರ ಬೆವರನ್ನು ಕದ್ದ ಹಾಗೆ ಎಂದು ನಾನೇ ಕರಪತ್ರದಲ್ಲಿ ಬರೆದಿದ್ದೇನೆ, ಆದ್ದರಿಂದ ಒಂದು ಚೂರೂ ಎಸೆದಿಲ್ಲ.

ಇನ್ನೊಂದು ಮಾತು ಹೇಳಬೇಕು. ನಾನು ಜರಡಿ ಹಿಡಿದು ಕೂತಾಗಲೆಲ್ಲ ಅಮ್ಮ ಎಡಗೈಯನ್ನು ಗೋಡೆಯ ಕಡೆ ಎತ್ತುತ್ತಾಳೆ. ಅವಳ ಜರಡಿಗಳು ತೂಗುಹಾಕಿರುವ ಕಡೆ. ದಿನಾ ಎತ್ತುತ್ತಾಳೆ, ಮತ್ತೆ ಮತ್ತೆ ಎತ್ತುತ್ತಾಳೆ. ಮೊದಲು ನನಗೆ ತಿಳಿಯಲಿಲ್ಲ. ಮೊನ್ನೆ ಹೊಳೆಯಿತು ನೋಡು, ರೋಮಾಂಚನವಾಯಿತು. ತಾನು ನೇಯ್ದ ತಂತಿಯಿಂದಲೇ ತನ್ನ ತುತ್ತು ಇಳಿದು ಬರುತ್ತಿದೆ ಎಂದು ಅವಳು ಗುರುತಿಸುತ್ತಿದ್ದಾಳೆ! ದುಡಿದವಳಿಗೆ ದುಡಿಮೆಯ ಫಲ. ನಾನು "ಹೌದಮ್ಮ, ನಿಂದೇ, ಎಲ್ಲಾ ನಿಂದೇ" ಎಂದೆ. ಅವಳ ಕಣ್ಣಲ್ಲಿ ನೀರು ಬಂತು.

ಪಕ್ಕದ ಮನೆಯಲ್ಲಿರುವ ನಮ್ಮ ಕಾರ್ಖಾನೆಯ ಮೇಸ್ತ್ರಿಯ ಹೆಂಡತಿ ನಿನ್ನೆ ಮೆಟ್ಟಿಲಲ್ಲಿ ಅಡ್ಡಗಟ್ಟಿದರು. "ಏನಪ್ಪಾ, ಬೆಳಿಗ್ಗೆ ಸಂಜೆ ಧಡ್ ಧಡ್ ಅಂತ ಕುಟ್ತಿರ್ತೀಯಲ್ಲ, ನಮ್ ಗೋಡೆ ಬಿದ್ದೇಹೋಗತ್ತೆ. ಅಮ್ಮಂಗೆ ಏನಾದ್ರೂ ಬೇಕಾದ್ರೆ ಕೇಳಬಾರ್ದಾ?" ಎಂದರು. ಮುಷ್ಕರ ಮುರಿದು ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗುವವರ ಮನೆಯದು ನಮಗೇನೂ ಬೇಡ ಎಂದು ಮುಖಕ್ಕೇ ಹೇಳಿದೆ.

ತಮ್ಮ


ಮಾರ್ಚ್ 10

ಭಾಷಣಪ್ಪ,

ನಿನ್ನ ಕಾಗದವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಟಾಣಿ ಮಾಲೀಕರ ಕಡೆಯದು ಎಂದಾಗ ಕೋಣೆಯ ಹುಡುಗಿಯರೆಲ್ಲ ನಕ್ಕರು. ಸಾರವೆಲ್ಲ ಅಮ್ಮನಿಗೆ, ಚರಟ ನಿನಗೆ ಎಂದು ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ. ಜಗಳಗಂಟ ಇಷ್ಟು ದೊಡ್ಡವನಾದನೇ ಎಂದುಕೊಂಡೆ.

ನಿನ್ನೆ ಹದಿನೆಂಟು ಜನರಿಗೆ ನುಣ್ಣನೆಯ ಊಟ ನಾನೊಬ್ಬಳೇ ತಯಾರು ಮಾಡಿದೆ. ಒಬ್ಬ ಅಜ್ಜಿ ಅಮ್ಮನ ಹಾಗೆಯೇ ಇದ್ದಾರೆ.

ಆದರೆ ಒಂದು ಬಟ್ಟಲಿಗೆ ಎರಡು ಗಂಟೆ ಯಾಕೆ? ಮಿಕ್ಸಿಯ ಜಾರ್ ಒಡೆಯಿತೇ? ಒಡೆದಿದ್ದರೆ ಹೇಳು, ಬೈಯುವುದಿಲ್ಲ. ಅಮ್ಮನ ತೂಕ ಎಷ್ಟಿದೆ ಎಂದು ನೀನು ಬರೆದೇ ಇಲ್ಲ. ಬರೆ.

ಅಕ್ಕ


ಮಾರ್ಚ್ 12

ಅಕ್ಕ,

ನಿನ್ನ ಉತ್ತರ ಬರುವ ತನಕ ಕಾಯಲಾರೆ.

ನಿನ್ನೆ ಆಸ್ಪತ್ರೆಯ ನರ್ಸಮ್ಮ ಮನೆಗೇ ತಕ್ಕಡಿ ತಂದು ತೂಗಿದರು. ನಲವತ್ಮೂರೂವರೆ. ಎರಡು ಸಲ ತೂಗಿಸಿದೆ. ಮೂರನೇ ಸಲ ಕೇಳಿದಾಗ ಅವರು, "ಎಷ್ಟ್ ಸಲ ಹತ್ತಿಸಿದ್ರೂ ಮುಳ್ಳು ಪಾಪ ಸುಳ್ಳು ಹೇಳಲ್ಲಪ್ಪ" ಎಂದರು. ದಿನಕ್ಕೆ ಆರು ಬಟ್ಟಲು ಕುಡಿಸುತ್ತಿದ್ದೇನೆ. ಹನ್ನೆರಡು ಗಂಟೆ ಉಜ್ಜುತ್ತೇನೆ. ಮುಷ್ಕರದ ಸಭೆಗೆ ಹೋಗಿ ಹತ್ತು ದಿನವಾಯಿತು. ಕೈಯಲ್ಲಿ ಬೊಬ್ಬೆ ಎದ್ದು ಒಡೆದಿವೆ. ಆದರೂ ಇಳಿಯುತ್ತಿದ್ದಾಳೆ. ಎಲ್ಲಿ ಸೋರಿಹೋಗುತ್ತಿದೆಯೋ ನನಗೆ ಗೊತ್ತಾಗುತ್ತಿಲ್ಲ.

ಇನ್ನು ಸುಳ್ಳು ಬೇಡ. ಮಿಕ್ಸಿ ಇಲ್ಲ. ಕರೆಂಟು ಸರಿಯಾಗಿಯೇ ಇದೆ. ಮುಷ್ಕರದ ಮೂರನೇ ದಿನ ಅದನ್ನು ನಮ್ಮ ಸಾಮೂಹಿಕ ಅಡುಗೆಗೆ ಕೊಟ್ಟೆ. ನೂರಿಪ್ಪತ್ತು ಜನರಿಗೆ ನೆನೆಸಿದ ಕಾಳನ್ನು ಅದರಲ್ಲೇ ರುಬ್ಬಿದರು. ನಾಲ್ಕನೇ ದಿನಕ್ಕೆ ಮೋಟಾರು ಸುಟ್ಟು ಹೊಗೆ ಬಂತು. ಆಗ ಅಮ್ಮ ಚೆನ್ನಾಗಿದ್ದಳು. "ಕೊಟ್ಟಿದ್ದು ತಪ್ಪಲ್ಲ ಬಿಡು. ಆದ್ರೆ ಅವಳು ಹೊಟ್ಟೆ ಬಟ್ಟೆ ಕಟ್ಟಿ ಕಳಿಸಿದ್ದು. ಅವಳಿಗೆ ನೀನೇ ಬರೆದು ಹೇಳ್ಬೇಕು" ಎಂದಳು. ಹೇಳಲಿಲ್ಲ. ಖಾಸಗಿ ಆಸ್ತಿಯ ಬಗ್ಗೆ ಎರಡು ಪುಟದ ಕರಪತ್ರ ಬರೆದೆ, ನಿನಗೆ ಎರಡು ಸಾಲು ಬರೆಯಲಿಲ್ಲ.

ಮೇಸ್ತ್ರಿಯ ಮನೆಯಲ್ಲಿ ಮಿಕ್ಸಿ ಇದೆ. ಗೋಡೆಯಾಚೆ ಅದು ತಿರುಗುವ ಸದ್ದು ಬೆಳಿಗ್ಗೆ ಕೇಳುತ್ತದೆ. ಆದರೆ ಅಕ್ಕ, ಆ ಮನುಷ್ಯನ ಬಗ್ಗೆ ನಾನು ಕಾರ್ಖಾನೆಯ ಗೇಟಿಗೆ ಅಂಟಿಸಿದ ಕರಪತ್ರ ಇನ್ನೂ ಹರಿದಿಲ್ಲ. ಹೇಗೆ ಹೋಗಿ ಕೇಳಲಿ?

ಮಿಕ್ಕಂತೆ ನನ್ನದೇ ಒಂದು ತಮಾಷೆ. ನಾನು ದಪ್ಪಗಾಗಿದ್ದೇನೆ. ಷರಟಿನ ಕೆಳಗಿನ ಗುಂಡಿ ಹಾಕಲಾಗುತ್ತಿಲ್ಲ, ಬೆಲ್ಟಿನ ತುದಿಯಲ್ಲಿ ಮೊಳೆಯಿಂದ ಹೊಸ ತೂತು ಮಾಡಿದೆ. ಪಕ್ಕದ ಮಗ್ಗದವನು ಬಂದು, "ಲೋ, ಮುಷ್ಕರ ಹೂಡಿ ಮೈ ತುಂಬ್ಕೊಂಡೋನು ಲೋಕದಲ್ಲಿ ನೀನೊಬ್ನೇ ಕಣೋ" ಎಂದು ಹೊಟ್ಟೆ ತಟ್ಟಿ ಹೋದ. ಅಮ್ಮ ನೋಡುತ್ತಿದ್ದಳು. ನಗಲಿಲ್ಲ. ಮತ್ತೆ ಗೋಡೆಯ ಕಡೆ ಕೈ ಎತ್ತಿದಳು.

ಏನು ಮಾಡಲಿ, ಹೇಳು. ಬೇಗ ಹೇಳು.

ತಮ್ಮ


ಮಾರ್ಚ್ 24

ತಮ್ಮ,

ಮೊದಲು ಇದನ್ನು ಓದು, ಉಳಿದದ್ದು ಆಮೇಲೆ. ಅರವತ್ತನೇ ನಂಬರನ್ನು ಬಿಟ್ಟುಬಿಡು. ದೊಡ್ಡ ಕಣ್ಣಿನ ಹನ್ನೆರಡನೆಯದನ್ನು ತೆಗೆದುಕೋ. ನೀರು ಹಾಕಬೇಡ. ಚಮಚವನ್ನು ತಲೆಕೆಳಗು ಮಾಡಿದರೆ ಊಟ ಬೀಳದೆ ಅಂಟಿಕೊಂಡು ನಿಲ್ಲಬೇಕು, ಅಷ್ಟು ಗಟ್ಟಿ ಇರಬೇಕು. ಆಲೂಗಡ್ಡೆ, ಬೇಳೆ, ಮೊಟ್ಟೆಯ ಹಳದಿ, ಬೆಣ್ಣೆ ಸೇರಿಸು. ನೀರಾಗಿದ್ದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ಆ ಕೆಮ್ಮು ಅಭ್ಯಾಸದ್ದಲ್ಲ. ಈಗಲೇ ಎದ್ದು ಮೇಸ್ತ್ರಿಯ ಮನೆಯ ಬಾಗಿಲು ತಟ್ಟು. ಕರಪತ್ರ, ಗೇಟು, ಮಾನ ಎಲ್ಲ ಆಮೇಲೆ.

ಇದನ್ನೆಲ್ಲ ಹೇಳಿದ್ದು ನಾನಲ್ಲ, ಇಲ್ಲಿಯ ದೊಡ್ಡ ಅಡುಗೆಯವರು. ನಿನ್ನ ಎರಡೂ ಕಾಗದಗಳನ್ನು ಅವರ ಮುಂದೆ ಹಿಡಿದೆ. ಓದಿಸಿಕೊಂಡು ಸೌಟು ಕೆಳಗಿಟ್ಟರು. "ಜರಡಿಯಲ್ಲಿ ಉಳಿದಿದ್ದನ್ನ ಏನ್ಮಾಡ್ತಾನಂತೆ?" ಎಂದು ಕೇಳಿದರು. ತಿನ್ನುತ್ತಾನೆ ಎಂದೆ. "ಹಾಗಾದ್ರೆ ನಿಮ್ಮಮ್ಮನ ಊಟ ಅವನು ತಿಂತಿದಾನೆ ಕಣಮ್ಮ. ನಿಮ್ಮಮ್ಮ ಪಾತ್ರೆ ತೊಳೆದ ನೀರು ಕುಡೀತಿದಾರೆ" ಎಂದರು.

ನಿನ್ನನ್ನು ಅನ್ನುತ್ತಿಲ್ಲ. ಅರವತ್ತನೇ ನಂಬರು ಎಂದವಳು ನಾನು. ನೀರು ಸೇರಿಸು ಎಂದವಳೂ ನಾನೇ. ನಾನು ಇಲ್ಲಿ ಅಡುಗೆ ಮಾಡುವುದಿಲ್ಲ ಕಣೋ. ತಟ್ಟೆ ತೊಳೆಯುತ್ತೇನೆ. ಬಂದ ದಿನದಿಂದಲೂ ಅದೇ ಕೆಲಸ. ಗೋಡೆಯಲ್ಲಿರುವ ಒಂದು ಕಿಂಡಿಯಿಂದ ತಟ್ಟೆಗಳು ಒಳಗೆ ಬರುತ್ತವೆ, ಇನ್ನೊಂದರಿಂದ ಹೊರಗೆ ಹೋಗುತ್ತವೆ. ಒಲೆ ಯಾವ ಕಡೆಗಿದೆ ಎಂದು ತಿಳಿದದ್ದೇ ನಿನ್ನ ಕಾಗದ ಹಿಡಿದು ಒಳಗೆ ಹೋದಾಗ. ಕನ್ನಡಿಯ ಹಾಗೆ ಬರುವ ತಟ್ಟೆಗಳನ್ನು ನೋಡಿ ನಾನೇ ಊಹೆ ಮಾಡಿ ಬರೆದೆ. ಅಮ್ಮ ಅಕ್ಕಪಕ್ಕದವರಿಗೆಲ್ಲ "ನನ್ನ ಮಗಳು ಆಸ್ಪತ್ರೇಲಿ ಅಡುಗೆ ಮಾಡ್ತಾಳೆ" ಎಂದು ಹೇಳಿಕೊಂಡು ಬಂದಿದ್ದಳು. ಅದನ್ನು ಸುಳ್ಳು ಮಾಡಲು ಮನಸ್ಸು ಬರಲಿಲ್ಲ.

ರಜೆ ಕೇಳಿದೆ. ಕೊಡಲಿಲ್ಲ. ಮೇಲ್ವಿಚಾರಕಿಯ ಮೇಜಿನ ಮುಂದೆ ಕೂಗಾಡಿದೆ. ನೀನಿದ್ದಿದ್ದರೆ ಮೆಚ್ಚುತ್ತಿದ್ದೆ. ಏನೂ ಪ್ರಯೋಜನವಾಗಲಿಲ್ಲ.

ಕಾಗದ ತಲುಪಲು ಹತ್ತು ಹನ್ನೊಂದು ದಿನ. ಲೆಕ್ಕ ಹಾಕಲು ನನಗೆ ಧೈರ್ಯ ಸಾಲುತ್ತಿಲ್ಲ.

ಅಕ್ಕ


ಏಪ್ರಿಲ್ 7

ಅಕ್ಕ,

ನಿನ್ನ ಕಾಗದ ನಾಲ್ಕನೇ ತಾರೀಕು ಬಂತು. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಓದಿದೆ. ಅಮ್ಮನಿಗೆ ಹಿಂದಿನ ದಿನವೇ ಕೊಳವೆ ಹಾಕಿ ಆಗಿತ್ತು.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಮಾರ್ಚ್ ಮೂವತ್ತರಂದು ಅಮ್ಮ ಬಟ್ಟಲನ್ನು ಎಡಗೈಯಿಂದ ತಳ್ಳಿ ಚೆಲ್ಲಿಬಿಟ್ಟಳು. ನಾನು ಕಿರುಚಿದೆ. ಎರಡು ಗಂಟೆ ಉಜ್ಜಿದ್ದು, ಏನಂದುಕೊಂಡಿದ್ದೀಯ ಎಂದು ಅವಳ ಮೇಲೆ ಕಿರುಚಿದೆ. ಅವಳು ಮತ್ತೆ ಗೋಡೆಯ ಕಡೆ ಕೈ ಎತ್ತಿದಳು. ಸಿಟ್ಟಿನಲ್ಲಿ ಎದ್ದು ಹೋಗಿ ಒಂದೊಂದೇ ಜರಡಿ ಕಿತ್ತು ಅವಳ ಮುಂದೆ ಹಿಡಿದೆ. ಇದಾ? ನಲವತ್ತು. ಕೈ ಇಳಿಯಲಿಲ್ಲ. ಇದಾ? ಇಪ್ಪತ್ತು. ಇಳಿಯಲಿಲ್ಲ. ಹನ್ನೆರಡನೆಯದನ್ನು ಹಿಡಿದಾಗ ಕೈ ಇಳಿಸಿ, ಕಣ್ಣು ಮುಚ್ಚಿ, ಉಸಿರು ಬಿಟ್ಟಳು.

ಮೂವತ್ತೊಂದು ವರ್ಷ ತಂತಿ ನೇಯ್ದವಳು. ಜರಡಿಯ ಯಾವ ಕಣ್ಣಿನಿಂದ ಏನು ಇಳಿಯುತ್ತದೆ, ಏನು ಉಳಿಯುತ್ತದೆ ಎಂದು ಅವಳಿಗೆ ಹೇಳಿಕೊಡಬೇಕೇ? ಒಂದು ತಿಂಗಳಿನಿಂದ ಅವಳು ಹೇಳುತ್ತಿದ್ದದ್ದು ಅದನ್ನೇ. ನಾನು ಅದಕ್ಕೆ ನನ್ನ ಕರಪತ್ರದ ಅರ್ಥ ಹಚ್ಚಿ ಹೌದಮ್ಮ, ನಿಂದೇ ಎಂದು ತಲೆ ಸವರುತ್ತಿದ್ದೆ.

ಆ ಕ್ಷಣವೇ ಹೋಗಿ ಮೇಸ್ತ್ರಿಯ ಬಾಗಿಲು ತಟ್ಟಿದೆ. ಬಾಗಿಲು ತೆರೆದದ್ದು ಆತನೇ, ಬನಿಯನ್ನಿನಲ್ಲಿ. ನಾನು ಮಿಕ್ಸಿ ಎಂದೆ. ಅಷ್ಟೇ ಹೊರಟದ್ದು. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೇಟಿಗೆ ಅಂಟಿಸಿದ್ರಲ್ಲಿ ನನ್ನನ್ನ ಮಾಲೀಕರ ನಾಯಿ ಅಂದಿದ್ದೆ. ಹೋಗ್ಲಿ ಬಿಡು. ಚಿಕ್ಕ ಜಾರ್ ಬೇಕಾ, ದೊಡ್ಡದಾ?" ಎಂದ. ಹೆಂಡತಿ ಒಳಗಿನಿಂದ, "ಎರಡೂ ಕೊಡಿ ಅಂದ್ರೆ! ಕೇಳ್ಕೊಂಡ್ ನಿಂತಿದಾರೆ" ಎಂದರು.

ಮೂರು ದಿನ ಅಮ್ಮ ಊಟ ಮಾಡಿದಳು ಅಕ್ಕ. ನಿಜವಾದ ಊಟ. ಹನ್ನೆರಡನೆಯದರಲ್ಲಿ ನೀರು ಬೆರೆಸದೆಯೇ ಇಳಿಯುತ್ತಿತ್ತು, ಆಲೂಗಡ್ಡೆ, ಬೇಳೆ, ಬೆಣ್ಣೆ, ಗಟ್ಟಿಯಾಗಿ. ಬಟಾಣಿಯ ಸಿಪ್ಪೆಯೊಂದೇ ಜರಡಿಯಲ್ಲಿ ಉಳಿಯಿತು. ಎರಡನೆಯ ದಿನ ಬಟ್ಟಲು ಖಾಲಿಯಾದ ಮೇಲೂ ಬಾಯಿ ತೆರೆದುಕೊಂಡೇ ಇದ್ದಳು. ಇನ್ನೊಂದು ಬಟ್ಟಲು ತಂದೆ, ಅದರ ಕೊನೆಯ ಚಮಚವನ್ನು ತಾನೇ ಹಿಡಿದು ನನ್ನ ಬಾಯಿಗೆ ಇಟ್ಟಳು. ಉಪ್ಪು ಕಡಿಮೆಯಾಗಿತ್ತು. ಅವಳು ಹೇಳಬೇಕೆಂದಿದ್ದದ್ದು ಅದೇ ಇರಬೇಕು.

ಆದರೆ ಆಗಲೇ ಜ್ವರ ಏರುತ್ತಿತ್ತು. ಎರಡನೇ ತಾರೀಕು ತಕ್ಕಡಿಯಲ್ಲಿ ನಲವತ್ತೊಂದು. ಎದೆಯ ಎಕ್ಸ್‌ರೇ ತೆಗೆಸಿದರು. ಬಲಗಡೆ ಕೆಳಗೆಲ್ಲ ಬೆಳ್ಳಗಿತ್ತು. "ನೀರಾಗಿ ಕೊಟ್ರೆ ಎದೆಗಿಳಿಯತ್ತೆ ಅಂತ ಯಾರೂ ಹೇಳ್ಲಿಲ್ವಾ?" ಎಂದು ಡಾಕ್ಟರು ಕೇಳಿದರು. ನೀವೇ ಹೇಳಲಿಲ್ಲ, ನಿಮ್ಮ ನಾಲ್ಕು ನಿಮಿಷದಲ್ಲಿ ಇದಕ್ಕೆ ಜಾಗವಿರಲಿಲ್ಲ ಎಂದು ಕೂಗಬೇಕೆನಿಸಿತು. ಬದಲಿಗೆ ಕೊಳವೆಯ ಒಪ್ಪಿಗೆ ಕಾಗದ ಹಿಡಿದು, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದೆ. ಅಮ್ಮ ಈ ಸಲ ನನ್ನ ತೋಳು ಹಿಡಿಯಲಿಲ್ಲ. ಆ ಕಡೆ ತಿರುಗಿ ಮಲಗಿದ್ದಳು.

ನೀನು ತಟ್ಟೆ ತೊಳೆಯುವುದನ್ನು ಓದಿದೆ. ಯಾವ ಕೆಲಸವೂ ಕೀಳಲ್ಲ ಎಂದು ನಾನು ಊರಿಗೆಲ್ಲ ಹಂಚಿದ್ದೇನೆ. ಆದರೂ ನನ್ನ ಒಡಹುಟ್ಟಿದವಳಿಗೆ ಒಂದೂವರೆ ವರ್ಷವಾದರೂ ಅದನ್ನು ನನ್ನ ಹತ್ತಿರ ಹೇಳಿಕೊಳ್ಳಲು ಆಗಲಿಲ್ಲ ಎಂದರೆ, ಅವು ಎಂಥ ಕರಪತ್ರಗಳೋ ನೋಡು. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಸಿಟ್ಟೇ ಬರುತ್ತಿಲ್ಲ ಈಗ.

ಇವತ್ತು ಮನೆಗೆ ಕರೆತಂದೆವು. ಕುರ್ಚಿಯ ಹಿಂದಿನ ಕಾಲುಗಳನ್ನು ಹಿಡಿದದ್ದು ಮೇಸ್ತ್ರಿ. ಬಾಗಿಲಲ್ಲಿ ನನ್ನ ಚಪ್ಪಲಿ ಬೇಕೆಂದೇ ಅಡ್ಡಾದಿಡ್ಡಿ ಬಿಟ್ಟಿದ್ದೆ. ಅಮ್ಮ ನೋಡಿದಳು. ಕುರ್ಚಿಯ ಹಿಡಿಯನ್ನು ಬಡಿಯಲಿಲ್ಲ.

ಸಂಜೆ ನರ್ಸಮ್ಮ ಬಂದು ಕೊಳವೆಗೆ ಊಟ ಹಾಕುವುದನ್ನು ಕಲಿಸಿದರು. ಗಟ್ಟಿ ಇದ್ದರೆ ಕೊಳವೆ ಕಟ್ಟಿಕೊಳ್ಳುತ್ತದಂತೆ. ಮೊದಲು ಮಿಕ್ಸಿಯಲ್ಲಿ ತಿರುಗಿಸಿ, ನೀರು ಬೆರೆಸಿ, ಅತಿ ಸಣ್ಣ ಜರಡಿಯಲ್ಲಿ ಸೋಸಿ, ಹಾಲಿನ ಹಾಗೆ ಓಡುವಂತೆ ಮಾಡಬೇಕು. ಸಾರ ಸಾಲದು, ಅದಕ್ಕೆ ಬೇರೆ ಪೌಷ್ಟಿಕ ಪುಡಿ ಕಲಸಬೇಕು. ನಾನು ಅರವತ್ತನೇ ನಂಬರನ್ನು ತೆಗೆದು ಮಾಡಿ ತೋರಿಸಿದೆ. ಅವರು ಬಟ್ಟಲನ್ನು ಓರೆ ಮಾಡಿ ನೋಡಿ, "ಅಬ್ಬ! ಎಷ್ಟ್ ಚೆನ್ನಾಗಿ ಸೋಸ್ತೀಯಪ್ಪ. ಎಲ್ಲಿ ಕಲಿತೆ?" ಎಂದರು.

ಅಮ್ಮ ನೋಡುತ್ತಿದ್ದಳು. ಈಗ ಅವಳು ಗೋಡೆಯ ಕಡೆ ಕೈ ಎತ್ತುವುದಿಲ್ಲ.

ಒಂದು ಹಿಡಿಯಷ್ಟು ಆಲೂಗಡ್ಡೆ, ಬೇಳೆ, ಕ್ಯಾರೆಟ್ಟು ಜರಡಿಯ ಮೇಲೆಯೇ ಉಳಿದಿದೆ. ಅವಳಿಗೆ ಕೊಡುವ ಹಾಗಿಲ್ಲ. ನನ್ನ ಬಾಯಿಗೆ ಹೋಗುತ್ತಿಲ್ಲ. ಎಸೆಯಲು ಕೈ ಬರುತ್ತಿಲ್ಲ. ನಿಮ್ಮ ದೊಡ್ಡ ಅಡುಗೆಯವರನ್ನು ಕೇಳಿ ಬರೆ ಅಕ್ಕ, ಜರಡಿಯಲ್ಲಿ ಉಳಿದದ್ದನ್ನು ಏನು ಮಾಡಲಿ?

ತಮ್ಮ